ಸಂಶೋಧಕರ ಸೈಟೇಶನ್ ಲೆಕ್ಕ ಹಿಡಿದು ಎಂಜಿನಿಯರಿಂಗ್ ಸಂಸ್ಥೆಗಳಿಗೆ ಸ್ಥಾನ ಕೊಡಬಹುದೇ?

ಪ್ರಶ್ನೆ: ಬಸವನಗುಡಿಯ ನಿವೃತ್ತ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಎಂಜಿನಿಯರಿಂಗ್ ಸಂಶೋಧನೆಯ ಒಳಹೊರಗು ಬಲ್ಲವನಲ್ಲ. ನನ್ನ ಮಗಳು ಬೆಂಗಳೂರಿನಲ್ಲೇ ವಿಟಿಯು ಸಂಯೋಜಿತ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಷಯದಲ್ಲಿ ಬಿ.ಇ. ಮುಗಿಸಿ, ಎರಡು ವರ್ಷ ಕಂಪನಿಯಲ್ಲಿ ದುಡಿದು, ಈಗ ಸಂಶೋಧನೆಗೆ ಸೇರಬೇಕೆಂದು ಗೇಟ್ ಬರೆದಿದ್ದಾಳೆ. ಅಂಕ ಚೆನ್ನಾಗಿ ಬಂದಿದೆ. ಅವಳ ಆಸಕ್ತಿ ಆಂಟೆನಾ ವಿನ್ಯಾಸದಲ್ಲಿ. ಮನೆಯ ಪರಿಸ್ಥಿತಿಯಿಂದಾಗಿ ಸದ್ಯಕ್ಕೆ ಅವಳು ಊರು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಬೆಂಗಳೂರಿನೊಳಗೆ ಯಾವ ಸಂಸ್ಥೆ ಸೂಕ್ತವೆಂದು ಹುಡುಕುತ್ತಿದ್ದೇವೆ.

ಪ್ರಕಟವಾಗುವ ರ‍್ಯಾಂಕಿಂಗ್ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದರಲ್ಲಿ ಮೇಲಿರುವ ಸಂಸ್ಥೆ ಇನ್ನೊಂದರಲ್ಲಿ ಕಾಣಿಸುವುದೇ ಇಲ್ಲ. ಆದ್ದರಿಂದ ನಾನೇ ಒಂದು ಲೆಕ್ಕ ಹಾಕಲು ಕುಳಿತೆ. ಆರು ಸಂಸ್ಥೆಗಳ ಎಲೆಕ್ಟ್ರಾನಿಕ್ಸ್ ವಿಭಾಗದ ಅಧ್ಯಾಪಕರ ಹೆಸರುಗಳನ್ನು ಆಯಾ ಸಂಸ್ಥೆಯ ಜಾಲತಾಣದಿಂದ ಬರೆದುಕೊಂಡು, ಪ್ರತಿಯೊಬ್ಬರನ್ನೂ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ, ಅವರ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ತೋರಿಸುವ ಒಟ್ಟು ಸೈಟೇಶನ್‌ಗಳನ್ನೂ ಎಚ್-ಇಂಡೆಕ್ಸನ್ನೂ ಎಕ್ಸೆಲ್ ಹಾಳೆಯಲ್ಲಿ ತುಂಬಿಸಿದೆ. ಆಮೇಲೆ ಸಂಸ್ಥೆವಾರು ಎರಡನ್ನೂ ಕೂಡಿಸಿ ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿದೆ. ಹದಿನೇಳು ದಿನ ಹಿಡಿದ ಕೆಲಸವಿದು.

ಬಂದ ಫಲಿತಾಂಶ ನನಗೆ ಆಶ್ಚರ್ಯ ತಂದಿದೆ. ಈಚಿನ ವರ್ಷಗಳಲ್ಲಿ ಆರಂಭವಾದ ಖಾಸಗಿ ವಿಶ್ವವಿದ್ಯಾಲಯವೊಂದು ಮೊದಲನೆಯ ಸ್ಥಾನದಲ್ಲಿದೆ. ನಾನು ಹುಡುಗನಾಗಿದ್ದಾಗಿನಿಂದ ಗೌರವದಿಂದ ಹೆಸರು ಕೇಳಿದ ಸಂಸ್ಥೆ ಮೂರನೆಯದಾಗಿದೆ. ಮಗಳು ಹಾಳೆಯನ್ನು ನೋಡಿ, ಮೊದಲ ಸ್ಥಾನದ ವಿಭಾಗದಲ್ಲಿ ಆಂಟೆನಾ ವಿಷಯದ ಅಧ್ಯಾಪಕರು ಒಬ್ಬರೂ ಇಲ್ಲವಲ್ಲ ಅಪ್ಪ ಎಂದಳು. ನನ್ನ ಕೂಡುವಿಕೆ ಭಾಗಾಕಾರಗಳಲ್ಲಿ ತಪ್ಪಿಲ್ಲ, ಎರಡು ಸಲ ಪರಿಶೀಲಿಸಿದ್ದೇನೆ. ಹಾಗಾದರೆ ತಪ್ಪು ವಿಧಾನದಲ್ಲಿದೆಯೇ? ಸಂಶೋಧಕರ ಸೈಟೇಶನ್‌ಗಳಿಂದ ಸಂಸ್ಥೆಯನ್ನು ಅಳೆಯುವುದಕ್ಕೆ ಸರಿಯಾದ ದಾರಿ ಯಾವುದಾದರೂ ಇದೆಯೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಎಂಜಿನಿಯರಿಂಗ್ ಕಾಲೇಜಿನ ಗ್ರಂಥಪಾಲಕಿ

ಮೇಷ್ಟ್ರೇ, ನಮಸ್ಕಾರ. ನಮ್ಮ ಕಾಲೇಜಿನಿಂದ ಪ್ರತಿವರ್ಷ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ಗೆ ಕಳುಹಿಸುವ ಮಾಹಿತಿಯಲ್ಲಿ ಪ್ರಕಟಣೆಗಳ ಭಾಗವನ್ನು ಸಿದ್ಧಪಡಿಸುವ ಕೆಲಸ ನನ್ನದಾದ್ದರಿಂದ ಈ ಅಂಕೆಗಳ ಜೊತೆ ನನಗೆ ದಿನನಿತ್ಯದ ಒಡನಾಟವಿದೆ. ನಿಮ್ಮ ಶ್ರಮದ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೂ ವಿಧಾನದಲ್ಲಿ ಕೆಲವು ದೋಷಗಳಿವೆ. ಗಣಿತ ಬಲ್ಲ ನಿಮಗೆ ಅವನ್ನು ವಿವರಿಸುವುದು ಸುಲಭ.

ಮೊದಲು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಇದನ್ನು 2005ರಲ್ಲಿ ಸೂಚಿಸಿದ್ದು ಒಬ್ಬ ವ್ಯಕ್ತಿಯ ಕೆಲಸವನ್ನು ಒಂದು ಅಂಕೆಯಲ್ಲಿ ಹೇಳುವುದಕ್ಕೆ. ಒಬ್ಬರ ಪ್ರಬಂಧಗಳಲ್ಲಿ 12 ಪ್ರಬಂಧಗಳು ತಲಾ 12 ಸಲಕ್ಕೆ ಕಡಿಮೆಯಿಲ್ಲದಂತೆ ಉಲ್ಲೇಖಗೊಂಡಿದ್ದು, 13 ಪ್ರಬಂಧಗಳು ತಲಾ 13ನ್ನು ಮುಟ್ಟದೆ ಇದ್ದರೆ ಅವರ ಎಚ್-ಇಂಡೆಕ್ಸ್ 12. ಐದೇ ಪ್ರಬಂಧ ಬರೆದು ಪ್ರತಿಯೊಂದಕ್ಕೂ ಸಾವಿರ ಉಲ್ಲೇಖ ಪಡೆದವರ ಎಚ್-ಇಂಡೆಕ್ಸ್ 5ನ್ನು ದಾಟಲಾರದು. ಇಪ್ಪತ್ತು ಪ್ರಬಂಧ ಬರೆದು ತಲಾ ಇಪ್ಪತ್ತು ಉಲ್ಲೇಖ ಪಡೆದವರದು 20. ಇಂಥ ಅಂಕೆಗಳನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥ ಹುಡುಕುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ಸಹಲೇಖಕರದು. ಒಂದೇ ವಿಭಾಗದ ಮೂವರು ಸೇರಿ ಬರೆದ ಪ್ರಬಂಧದ ಉಲ್ಲೇಖಗಳು ಮೂವರ ಖಾತೆಯಲ್ಲೂ ಇರುತ್ತವೆ; ನಿಮ್ಮ ಹಾಳೆಯಲ್ಲಿ ಅದು ಮೂರು ಸಲ ಕೂಡಿಕೊಂಡಿದೆ. ಒಬ್ಬರ ಪ್ರಬಂಧಕ್ಕೆ ಇನ್ನಿಬ್ಬರ ಹೆಸರನ್ನು ಸೇರಿಸುವ ರೂಢಿಯಿರುವ ವಿಭಾಗ ಇಂಥ ಲೆಕ್ಕದಲ್ಲಿ ತಾನಾಗಿಯೇ ಮೇಲೇರುತ್ತದೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದವರು ತಮ್ಮ ರ‍್ಯಾಂಕಿಂಗ್‌ನಲ್ಲಿ ಇದಕ್ಕಾಗಿಯೇ ಭಿನ್ನರಾಶಿ ಎಣಿಕೆಯನ್ನು ಬಳಸುತ್ತಾರೆ: ಒಂದು ಪ್ರಬಂಧದಲ್ಲಿ ನಾಲ್ಕು ಸಂಸ್ಥೆಗಳ ಪಾಲಿದ್ದರೆ ಪ್ರತಿಯೊಂದಕ್ಕೂ ಸಿಗುವುದು ಅದರ ಪಾಲು ಮಾತ್ರ.

ಎರಡನೆಯದು ಸರಾಸರಿ. ಉಲ್ಲೇಖಗಳು ಪರೀಕ್ಷೆಯ ಅಂಕಗಳಂತೆ ಮಧ್ಯದಲ್ಲಿ ಗುಂಪುಗೂಡುವುದಿಲ್ಲ; ಕೆಲವೇ ಪ್ರಬಂಧಗಳಿಗೆ ರಾಶಿರಾಶಿಯಾಗಿ ಬಂದು, ಉಳಿದವಕ್ಕೆ ಒಂದೋ ಎರಡೋ ದಕ್ಕುತ್ತವೆ. ಶೇ. 15ರಷ್ಟು ಪ್ರಬಂಧಗಳೇ ಸುಮಾರು ಅರ್ಧದಷ್ಟು ಉಲ್ಲೇಖಗಳನ್ನು ಪಡೆಯುತ್ತವೆಂದು ನಾರ್ವೆಯ ಪರ್ ಸೆಗ್ಲೆನ್ 1992ರಲ್ಲೇ ತೋರಿಸಿದ್ದರು. ಒಂದು ಲೆಕ್ಕ ಮಾಡಿ ನೋಡಿ. ಒಂದು ವಿಭಾಗದ 20 ಜನರಲ್ಲಿ ಒಬ್ಬರಿಗೆ 6,000 ಸೈಟೇಶನ್, ಉಳಿದ 19 ಜನರಿಗೆ ತಲಾ 100 ಎಂದುಕೊಳ್ಳಿ. ಸರಾಸರಿ 395 ಬರುತ್ತದೆ. ಇನ್ನೊಂದು ವಿಭಾಗದ 20 ಜನರಿಗೂ ತಲಾ 300 ಇದ್ದರೆ ಸರಾಸರಿ 300. ನಿಮ್ಮ ಹಾಳೆ ಮೊದಲನೆಯದನ್ನು ಮೇಲಿಡುತ್ತದೆ. ನಿಮ್ಮ ಮಗಳು ಆ 6,000ದವರ ಬಳಿ ಸೇರದೆ ಹೋದರೆ ಅವಳಿಗೆ ಸಿಗುವ ಗೈಡ್ ತಲಾ ನೂರರವರಲ್ಲಿ ಒಬ್ಬರು. ಸರಾಸರಿಯ ಬದಲು ಮಧ್ಯಾಂಕವನ್ನು, ಅಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕೆಯನ್ನು, ತೆಗೆದುಕೊಂಡಿದ್ದರೆ 100 ಮತ್ತು 300 ಎಂದು ಬಂದು ಕ್ರಮ ತಿರುಗುತ್ತಿತ್ತು.

ಒಬ್ಬರಿಂದಲೇ ಸಂಸ್ಥೆಯೊಂದು ಮೇಲೇರಿದ್ದಕ್ಕೆ ದಾಖಲಾದ ಉದಾಹರಣೆಗಳಿವೆ. ಬ್ರಿಟನ್ನಿನ ಟೈಮ್ಸ್ ಹೈಯರ್ ಎಜುಕೇಷನ್ ಪತ್ರಿಕೆಯ 2010ರ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯ 147ನೆಯ ಸ್ಥಾನಕ್ಕೆ ಬಂದಾಗ ಎಲ್ಲರೂ ಬೆರಗಾದರು. ಒಬ್ಬ ಲೇಖಕರ ಪ್ರಬಂಧಗಳ ಉಲ್ಲೇಖಗಳೇ ಅದಕ್ಕೆ ಮುಖ್ಯ ಕಾರಣವೆಂದು ಆಮೇಲೆ ಗೊತ್ತಾಯಿತು. ನಮ್ಮ ದೇಶದಲ್ಲೇ, 2013ರ ಅದೇ ಪಟ್ಟಿಯಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ ಐಐಟಿಗಳನ್ನು ಹಿಂದಿಕ್ಕಿ 226–250ರ ಗುಂಪಿನಲ್ಲಿ ನಿಂತಿತು. ಅಲ್ಲಿನ ಭೌತವಿಜ್ಞಾನಿಗಳು ಜಿನೀವಾ ಬಳಿಯ ಸರ್ನ್ ಎಂಬ ಕಣಭೌತ ಪ್ರಯೋಗಾಲಯದ ಪ್ರಯೋಗಗಳಲ್ಲಿ ಪಾಲ್ಗೊಂಡಿದ್ದು, ಸಾವಿರಾರು ಲೇಖಕರಿರುವ ಆ ಪ್ರಬಂಧಗಳ ಉಲ್ಲೇಖಗಳೆಲ್ಲ ವಿಶ್ವವಿದ್ಯಾಲಯದ ಲೆಕ್ಕಕ್ಕೂ ಪೂರ್ತಿಯಾಗಿ ಸೇರಿದ್ದವು. ಭೌತವಿಜ್ಞಾನಿಗಳ ಕೆಲಸ ಮೇಲ್ಮಟ್ಟದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ನೋಡಿ ಅಲ್ಲಿ ಬೇರೆ ವಿಷಯ ಓದಲು ಹೋಗುವವರಿಗೆ ಆ ಅಂಕೆ ಏನನ್ನೂ ಹೇಳುತ್ತಿರಲಿಲ್ಲ. ಸಾವಿರಕ್ಕಿಂತ ಹೆಚ್ಚು ಲೇಖಕರಿರುವ ಪ್ರಬಂಧಗಳನ್ನು ಎಣಿಸುವ ಕ್ರಮವನ್ನು ಆ ಪತ್ರಿಕೆ ಬಳಿಕ ಬದಲಾಯಿಸಿತು.

ಮೂರನೆಯದು ಮಾಹಿತಿಯ ಮೂಲ. ಗೂಗಲ್ ಸ್ಕಾಲರ್ ಜಾಲದಲ್ಲಿ ಸಿಗುವ ಮಹಾಪ್ರಬಂಧ, ವರದಿ, ಅಚ್ಚಾಗುವ ಮುಂಚಿನ ಪ್ರತಿ ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಉಲ್ಲೇಖ ಸೂಚಿಗಳು ತಾವು ಆಯ್ದ ಜರ್ನಲ್‌ಗಳನ್ನೂ ಸಮ್ಮೇಳನಗಳನ್ನೂ ಮಾತ್ರ ಎಣಿಸುತ್ತವೆ. ಒಬ್ಬರದೇ ಅಂಕೆ ಮೂರು ಕಡೆ ಮೂರು ಥರ ಇರುವುದು ಸಾಮಾನ್ಯ. ಅಲ್ಲದೆ ಸ್ಕಾಲರ್ ಪ್ರೊಫೈಲನ್ನು ಅಧ್ಯಾಪಕರು ತಾವಾಗಿ ತೆರೆಯಬೇಕು. ತೆರೆಯದೆ ಇರುವ ಹಿರಿಯರ ಸಾಲು ನಿಮ್ಮ ಹಾಳೆಯಲ್ಲಿ ಖಾಲಿಯಿದ್ದಿರಬೇಕು. ಅದನ್ನು ಸೊನ್ನೆಯೆಂದು ಭಾಗಿಸಿದ್ದರೆ ಹಳೆಯ ಸಂಸ್ಥೆ ಕೆಳಗಿಳಿದದ್ದಕ್ಕೆ ಅದೂ ಒಂದು ಕಾರಣ. ಒಂದೇ ಹೆಸರಿನ ಇಬ್ಬರ ಪ್ರಬಂಧಗಳು ಒಂದೇ ಪ್ರೊಫೈಲಿನಲ್ಲಿ ಬೆರೆತಿರುವುದನ್ನಂತೂ ನಾನು ವಾರಕ್ಕೊಮ್ಮೆ ನೋಡುತ್ತೇನೆ. ಇನಿಷಿಯಲ್ ಬರೆಯುವ ನಮ್ಮ ಪದ್ಧತಿಯಿಂದ ದಕ್ಷಿಣದವರಿಗೆ ಈ ತೊಂದರೆ ಹೆಚ್ಚು.

ಇನ್ನೊಂದು ಸೂಕ್ಷ್ಮವಿದೆ. ಸ್ಕಾಲರ್ ಪ್ರೊಫೈಲ್ ವ್ಯಕ್ತಿಯ ಬೆನ್ನಿಗೆ ಹೋಗುತ್ತದೆ. ಸಂಸ್ಥೆಗಳ ರ‍್ಯಾಂಕಿಂಗ್ ಮಾಡುವವರು ಪ್ರಬಂಧದ ಮೇಲೆ ಅಚ್ಚಾದ ವಿಳಾಸವನ್ನು ಹಿಡಿಯುತ್ತಾರೆ. ಪ್ರೋಟೀನ್ ರಚನೆಯನ್ನು ಓದುವವರೆಲ್ಲ ಬಳಸುವ ರಾಮಚಂದ್ರನ್ ನಕ್ಷೆಯ ಪ್ರಬಂಧ 1963ರಲ್ಲಿ ಬಂದಾಗ ಜಿ.ಎನ್. ರಾಮಚಂದ್ರನ್ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದರು. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕಭೌತ ಘಟಕವನ್ನು ಕಟ್ಟಿದರು. ನಿಮ್ಮ ವಿಧಾನದಲ್ಲಿ ಆ ಪ್ರಬಂಧದ ಉಲ್ಲೇಖಗಳು ಬೆಂಗಳೂರಿಗೆ, ವಿಳಾಸದ ವಿಧಾನದಲ್ಲಿ ಮದ್ರಾಸಿಗೆ. ಹೊಸ ವಿಶ್ವವಿದ್ಯಾಲಯವೊಂದು ನಿವೃತ್ತ ಪ್ರಾಧ್ಯಾಪಕರನ್ನು ಗೌರವ ಹುದ್ದೆಗೆ ಕರೆದುಕೊಂಡರೆ ಅವರ ನಲವತ್ತು ವರ್ಷದ ಸೈಟೇಶನ್‌ಗಳೆಲ್ಲ ನಿಮ್ಮ ಹಾಳೆಯಲ್ಲಿ ಆ ವಿಶ್ವವಿದ್ಯಾಲಯಕ್ಕೆ ಬಂದು ಬೀಳುತ್ತವೆ. ನಿಮ್ಮ ಮೊದಲ ಸ್ಥಾನದ ಸಾಲಿನಲ್ಲಿ ಹೀಗಾಗಿದೆಯೇ ಎಂದು ದಯವಿಟ್ಟು ನೋಡಿ.

ಉತ್ತರ 2: ಸಿವಿಲ್ ವಿಭಾಗದ ಪ್ರಾಧ್ಯಾಪಕ

ಮೇಡಂ ಅವರು ಹೇಳಿದ್ದೆಲ್ಲ ಸರಿಯಾಗಿದೆ. ಅದಕ್ಕೆ ವಿಷಯಗಳ ನಡುವಿನ ವ್ಯತ್ಯಾಸವನ್ನು ಸೇರಿಸುತ್ತೇನೆ. ಮೇಷ್ಟ್ರ ಮಗಳು ಎತ್ತಿದ ಆಕ್ಷೇಪಣೆಗೆ ಉತ್ತರ ಬಹುಶಃ ಅಲ್ಲಿದೆ.

ಉಲ್ಲೇಖಗಳ ಸಂಖ್ಯೆ ಒಂದು ಕ್ಷೇತ್ರದಲ್ಲಿ ಎಷ್ಟು ಜನ ಬರೆಯುತ್ತಾರೆ, ಪ್ರತಿ ಪ್ರಬಂಧದ ಕೊನೆಯಲ್ಲಿ ಎಷ್ಟು ಆಕರಗಳನ್ನು ಕೊಡುವ ರೂಢಿಯಿದೆ, ಪ್ರಬಂಧ ಎಷ್ಟು ಬೇಗ ಹಳೆಯದಾಗುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಬ್ಯಾಟರಿ, ನ್ಯಾನೊ ವಸ್ತು, ಯಂತ್ರ ಕಲಿಕೆ ಇವುಗಳಲ್ಲಿ ಜಗತ್ತಿನಾದ್ಯಂತ ಅಪಾರ ಜನ ಬರೆಯುತ್ತಾರೆ. ಗಣಿತದಲ್ಲಿ, ರಚನಾ ಎಂಜಿನಿಯರಿಂಗ್‌ನಲ್ಲಿ, ಮಣ್ಣಿನ ಯಂತ್ರಶಾಸ್ತ್ರದಲ್ಲಿ ಬರೆಯುವವರು ಕಡಿಮೆ, ಉಲ್ಲೇಖಗಳು ನಿಧಾನ. ಆಂಟೆನಾ ಕ್ಷೇತ್ರದಲ್ಲಿ ಐವತ್ತು ಉಲ್ಲೇಖ ಪಡೆದ ಪ್ರಬಂಧ ತನ್ನವರ ನಡುವೆ ಗೌರವ ಪಡೆದಿರಬಹುದು, ಬ್ಯಾಟರಿಯ ವಸ್ತುಗಳ ಕ್ಷೇತ್ರದಲ್ಲಿ ಅಷ್ಟೇ ಉಲ್ಲೇಖ ಯಾರ ಗಮನಕ್ಕೂ ಬಾರದೆ ಹೋಗಬಹುದು. ಇಂದಿನ ಎಲೆಕ್ಟ್ರಾನಿಕ್ಸ್ ವಿಭಾಗಗಳಲ್ಲಿ ಸಂವೇದಕಗಳಿಗೆ ಬೇಕಾದ ವಸ್ತುಗಳ ಮೇಲೆ ಕೆಲಸ ಮಾಡುವವರೂ ಇರುತ್ತಾರೆ. ಮೊದಲ ಸ್ಥಾನದ ವಿಭಾಗದಲ್ಲಿ ಅಂಥ ಇಬ್ಬರಿದ್ದರೆ ಸಾಕು, ವಿಭಾಗ ಪೂರ್ತಿ ಮೇಲೇರಿರುತ್ತದೆ. ಬಲ್ಲ ಸಂಸ್ಥೆಗಳು ಇದನ್ನು ಸರಿದೂಗಿಸಲು ಪ್ರತಿ ಪ್ರಬಂಧವನ್ನೂ ಅದೇ ಕ್ಷೇತ್ರದ, ಅದೇ ವರ್ಷದ, ಅದೇ ಬಗೆಯ ಪ್ರಬಂಧಗಳ ಜಾಗತಿಕ ಸರಾಸರಿಗೆ ಹೋಲಿಸುತ್ತವೆ. ಇಲ್ಲವೇ ಆ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಶೇ. 10ರೊಳಗೆ ಸಂಸ್ಥೆಯ ಎಷ್ಟು ಪ್ರಬಂಧಗಳು ಬಂದವು ಎಂದು ನೋಡುತ್ತವೆ. ಸ್ಕಾಲರ್ ಅಂಕೆಗಳಿಂದ ಮನೆಯಲ್ಲಿ ಕುಳಿತು ಇದನ್ನು ಮಾಡಲಾಗದು.

ಪಟ್ಟಿಗಳು ಒಂದಕ್ಕೊಂದು ಏಕೆ ತಾಳೆಯಾಗುವುದಿಲ್ಲ ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಬ್ರಿಟನ್ನಿನ ಕ್ಯೂಎಸ್ ಸಂಸ್ಥೆಯ 2022ರ ಪಟ್ಟಿಯಲ್ಲಿ ಅಧ್ಯಾಪಕರ ತಲಾ ಉಲ್ಲೇಖಗಳೆಂಬ ಅಂಕಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 100ಕ್ಕೆ 100 ಬಂದಿತ್ತು. ಅದೇ ಪಟ್ಟಿಯಲ್ಲಿ ಅದರ ಒಟ್ಟಾರೆ ಸ್ಥಾನ 186. ಉಲ್ಲೇಖಗಳಿಗೆ ಅಲ್ಲಿ ಇದ್ದ ತೂಕ ಶೇ. 20 ಮಾತ್ರ, ವಿದ್ವಾಂಸರ ನಡುವಿನ ಖ್ಯಾತಿಗೆ ಅದರ ಇಮ್ಮಡಿ, ಶೇ. 40 ಇತ್ತು. ಎನ್‌ಐಆರ್‌ಎಫ್ ಎಂಜಿನಿಯರಿಂಗ್ ಪಟ್ಟಿಯಲ್ಲಿ 2016ರಲ್ಲಿ ಅದು ಆರಂಭವಾದಾಗಿನಿಂದ ಐಐಟಿ ಮದ್ರಾಸ್ ಮೊದಲನೆಯದು. ಆ ಪಟ್ಟಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅದು ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾ ಸಂಸ್ಥೆಗಳ ಪಟ್ಟಿಗಳಲ್ಲಿ ಬರುತ್ತದೆ. ಎಂಜಿನಿಯರಿಂಗ್ ಪಟ್ಟಿಯನ್ನಷ್ಟೇ ನೋಡುವ ತಂದೆತಾಯಿಯರು ಇಡೀ ಸಂಸ್ಥೆಯನ್ನೇ ಕಾಣದೆ ಹೋಗುತ್ತಾರೆ. ಆ ಪಟ್ಟಿಯಲ್ಲೂ ಸಂಶೋಧನೆಗೆ ಇರುವ ತೂಕ ಶೇ. 30, ಉಳಿದದ್ದು ಬೋಧನೆ, ಪದವಿ ಪಡೆದವರ ಗತಿ, ಒಳಗೊಳ್ಳುವಿಕೆ ಮತ್ತು ಜನರ ಅಭಿಪ್ರಾಯಕ್ಕೆ.

ತಲಾ ಲೆಕ್ಕದ ಛೇದವನ್ನೂ ಗಮನಿಸಿ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ನಿಯಮದಂತೆ ಬಿ.ಇ. ಕಾಲೇಜುಗಳಲ್ಲಿ ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿರಬೇಕು. ಸಾವಿರಾರು ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಅಧ್ಯಾಪಕರ ಸಂಖ್ಯೆ ದೊಡ್ಡದು, ಅವರಲ್ಲಿ ಬಹಳಷ್ಟು ಜನರ ದಿನವೆಲ್ಲ ತರಗತಿ, ಲ್ಯಾಬ್, ಉತ್ತರ ಪತ್ರಿಕೆಗಳಲ್ಲೇ ಕಳೆಯುತ್ತದೆ. ಪಿಎಚ್.ಡಿ. ವಿದ್ಯಾರ್ಥಿಗಳೇ ಹೆಚ್ಚಾಗಿರುವ ಸಂಸ್ಥೆಯ ಜೊತೆ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ನ್ಯಾಯವೆನಿಸುವುದಿಲ್ಲ.

ಎಂಜಿನಿಯರಿಂಗ್‌ನ ಬಹುಮುಖ್ಯ ಕೆಲಸ ಪ್ರಬಂಧಗಳ ಹೊರಗೆ ಉಳಿಯುತ್ತದೆ ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಒಯ್ಯುವ ಅಸ್ತ್ರ (ASTRA) ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ, ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಮಣ್ಣಿನ ಬ್ಲಾಕು ನಮ್ಮ ಹಳ್ಳಿಗಳ ಅಡುಗೆಮನೆಗೂ ಬೆಂಗಳೂರಿನ ಎಷ್ಟೋ ಮನೆಗಳ ಗೋಡೆಗೂ ಬಂದವು. ಒಲೆ ಹಾಕಿಸಿಕೊಂಡ ಹೆಣ್ಣುಮಗಳು ಯಾವ ಪ್ರಬಂಧವನ್ನೂ ಉಲ್ಲೇಖಿಸುವುದಿಲ್ಲ. ಗೋಡೆ ಕಟ್ಟಿದ ಮೇಸ್ತ್ರಿಯೂ ಅಷ್ಟೆ. ಭಾರತೀಯ ಮಾನಕ ಸಂಸ್ಥೆಯ ಸಂಹಿತೆಗಳನ್ನು ತಿದ್ದುವ ಸಮಿತಿಗಳಲ್ಲಿ ಹತ್ತಾರು ವರ್ಷ ಕುಳಿತು ದುಡಿದವರ ಶ್ರಮವೂ ಸೈಟೇಶನ್ ಆಗಿ ಎಲ್ಲಿಯೂ ಕಾಣದು. ದೇಶದಲ್ಲಿ ಕಾಂಕ್ರೀಟ್ ಕಟ್ಟಡಗಳ ವಿನ್ಯಾಸಕ್ಕೆ ಐಎಸ್ 456 ಎಂಬ ಸಂಹಿತೆಯನ್ನು ಬಳಸುತ್ತಿದ್ದರೂ ಅದರ ಹಿಂದಿನ ಸಂಶೋಧಕರ ಎಚ್-ಇಂಡೆಕ್ಸ್ ಅದರಿಂದ ಒಂದಂಕಿಯೂ ಏರುವುದಿಲ್ಲ.

ಇಷ್ಟು ಹೇಳಿದ ಮೇಲೂ ನಾನು ಸೈಟೇಶನ್ ಬೇಡವೆನ್ನುವವನಲ್ಲ. ನಾನು ಒಂಬತ್ತು ವರ್ಷ ಹಾಸನದಲ್ಲಿ ಕಲಿಸಿದವನು. ಖ್ಯಾತಿಯ ಸಮೀಕ್ಷೆಯಲ್ಲಿ ಹಾಸನದ ಕಾಲೇಜಿನ ಹೆಸರನ್ನು ಲಂಡನ್ನಿನಲ್ಲೋ ದೆಹಲಿಯಲ್ಲೋ ಕುಳಿತವರು ಬರೆಯುವುದಿಲ್ಲ, ಏಕೆಂದರೆ ಅವರು ಆ ಹೆಸರನ್ನೇ ಕೇಳಿರುವುದಿಲ್ಲ. ಆದರೆ ಅಲ್ಲಿಂದ ಹೊರಟ ಒಳ್ಳೆಯ ಪ್ರಬಂಧವೊಂದನ್ನು ಕೊರಿಯಾದವರೋ ಬ್ರೆಜಿಲ್‌ನವರೋ ಓದಿ, ಅದರ ಮೇಲೆ ತಮ್ಮ ಕೆಲಸವನ್ನು ಕಟ್ಟಿದರೆ ಅದು ಉಲ್ಲೇಖವಾಗಿ ದಾಖಲಾಗುತ್ತದೆ. ಹೆಸರಿಲ್ಲದವನ ಕೆಲಸಕ್ಕೆ ಸಾಕ್ಷಿ ಹೇಳುವ ದಾಖಲೆ ಅದೊಂದೇ. ಅದನ್ನು ತೆಗೆದುಹಾಕಿದರೆ ಹಳೆಯ, ದೊಡ್ಡ ಹೆಸರುಗಳೇ ಎಂದೆಂದಿಗೂ ಮೇಲಿರುತ್ತವೆ.

ಉತ್ತರ 3: ಪಿಎಚ್.ಡಿ. ವಿದ್ಯಾರ್ಥಿನಿ, ಯಶವಂತಪುರ

ಸರ್, ನಾನು ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ನಾಲ್ಕನೆಯ ವರ್ಷದ ಪಿಎಚ್.ಡಿ. ಮಾಡುತ್ತಿದ್ದೇನೆ. ಪ್ರಾಧ್ಯಾಪಕರ ಕೊನೆಯ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಆ ಸಾಕ್ಷಿಯನ್ನು ಹೇಗೆ ಸೃಷ್ಟಿಸಲಾಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡವಳಾಗಿ ಒಂದು ಎಚ್ಚರಿಕೆ ಹೇಳಬೇಕು. ನಾನು ಹಿಂದೆ ಓದಿದ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರತಿಯೊಂದು ಪ್ರಾಜೆಕ್ಟನ್ನೂ ಪೇಪರ್ ಮಾಡಿ ಕಳುಹಿಸಲೇಬೇಕಿತ್ತು. ಕಳುಹಿಸುವ ಮುಂಚೆ ಕಾಲೇಜಿನ ಅಧ್ಯಾಪಕರ ಇಂತಿಷ್ಟು ಪ್ರಬಂಧಗಳನ್ನು ಆಕರಪಟ್ಟಿಗೆ ಸೇರಿಸಬೇಕೆಂದು ಒಂದು ಪಟ್ಟಿ ಕೊಡುತ್ತಿದ್ದರು. ನನ್ನ ಪ್ರಾಜೆಕ್ಟಿಗೆ ಯಾವ ಸಂಬಂಧವೂ ಇಲ್ಲದ ನಾಲ್ಕು ಪ್ರಬಂಧಗಳನ್ನು ನಾನೇ ಸೇರಿಸಿದ್ದೇನೆ. ಅದು ತಪ್ಪೆಂದು ಆಗ ಹೇಳುವ ಧೈರ್ಯ ನನಗಿರಲಿಲ್ಲ, ಇಂದಿಗೂ ಆ ನೋವು ಹೋಗಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಇಟಲಿಯಲ್ಲಿ 2010ರ ಸುಧಾರಣೆಯ ನಂತರ ಅಧ್ಯಾಪಕರ ಬಡ್ತಿಗೆ ಉಲ್ಲೇಖಗಳ ಸಂಖ್ಯೆಯನ್ನು ಮಾನದಂಡ ಮಾಡಿದಾಗ ಆ ದೇಶದವರು ತಮ್ಮನ್ನೂ ತಮ್ಮವರನ್ನೂ ಉಲ್ಲೇಖಿಸಿಕೊಳ್ಳುವ ಪ್ರಮಾಣ ಎದ್ದು ಕಾಣುವಂತೆ ಏರಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಸಂಸ್ಥೆ ಅತಿ ಹೆಚ್ಚು ಉಲ್ಲೇಖಗೊಂಡ ಸಂಶೋಧಕರ ತನ್ನ 2023ರ ಪಟ್ಟಿಯಿಂದ ಗಣಿತ ವಿಷಯವನ್ನೇ ಕೈಬಿಡಬೇಕಾಯಿತು: ಉಲ್ಲೇಖಗಳು ಕಡಿಮೆಯಿರುವ ಕ್ಷೇತ್ರದಲ್ಲಿ ಕೆಲವರು ಕೂಡಿಕೊಂಡರೂ ಸಾಕು, ಪಟ್ಟಿ ತಲೆಕೆಳಗಾಗುತ್ತದೆ. ಎನ್‌ಐಆರ್‌ಎಫ್ ಕೂಡ 2025ರಲ್ಲಿ ಹಿಂತೆಗೆದ ಪ್ರಬಂಧಗಳಿಗೆ ಅಂಕ ಕಳೆಯುವ ಕ್ರಮ ತಂದಿತು. ವಿಶ್ವದ ಶೇ. 2 ವಿಜ್ಞಾನಿಗಳಲ್ಲಿ ನಮ್ಮವರು ಇಷ್ಟು ಜನ ಎಂದು ಕಾಲೇಜುಗಳ ಬ್ಯಾನರುಗಳಲ್ಲಿ ನೀವು ನೋಡಿರಬಹುದು. ಸ್ಟ್ಯಾನ್‌ಫರ್ಡ್‌ನ ಜಾನ್ ಯೊವಾನಿಡಿಸ್ ತಂಡದ ಆ ಪಟ್ಟಿಯಲ್ಲಿ ಸ್ವಂತ ಉಲ್ಲೇಖಗಳನ್ನು ಕಳೆದ ಅಂಕಣವೂ ಇದೆ. ಬ್ಯಾನರಿನ ಹೆಸರುಗಳನ್ನು ಆ ಅಂಕಣದಲ್ಲಿ ಹುಡುಕುವುದು ಒಳ್ಳೆಯ ಅಭ್ಯಾಸ.

ಈಗ ನಿಮ್ಮ ಮಗಳ ಮಾತು. ಅವರು ಸೇರುವುದು ಹೆಸರಿಗೆ ಸಂಸ್ಥೆಗೆ, ಐದು ವರ್ಷ ದಿನವೂ ಎದುರುಗೊಳ್ಳುವುದು ಒಬ್ಬ ಗೈಡನ್ನೂ ಒಂದು ಲ್ಯಾಬನ್ನೂ. ಅವರು ಓದಿ ಮೆಚ್ಚಿದ ಆಂಟೆನಾ ಪ್ರಬಂಧಗಳು ನಾಲ್ಕೈದು ಇದ್ದೇ ಇರುತ್ತವೆ. ಪ್ರತಿಯೊಂದರ ಕೆಳಗೂ ಅದನ್ನು ಯಾರು ಉಲ್ಲೇಖಿಸಿದ್ದಾರೆಂಬ ಪಟ್ಟಿ ಸ್ಕಾಲರ್‌ನಲ್ಲಿ ತೆರೆಯುತ್ತದೆ. ಆ ಪಟ್ಟಿಯಲ್ಲಿ ಬೆಂಗಳೂರಿನ ವಿಳಾಸವಿರುವವರನ್ನು ಬರೆದುಕೊಳ್ಳಲಿ. ಅವರ ಈಚಿನ ಐದು ವರ್ಷಗಳ ಪ್ರಬಂಧಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಯದಾಗಿದೆಯೇ ಎಂದು ನೋಡಲಿ. ವಿದ್ಯಾರ್ಥಿಗಳ ಕೆಲಸಕ್ಕೆ ವಿದ್ಯಾರ್ಥಿಗಳ ಹೆಸರೇ ಮೊದಲು ಬರುವ ಲ್ಯಾಬುಗಳನ್ನು ಹುಡುಕಬೇಕು. ಶೋಧಗಂಗಾ ತಾಣದಲ್ಲಿ ಅವರ ಮಾರ್ಗದರ್ಶನದಲ್ಲಿ ಸಲ್ಲಿಕೆಯಾದ ಮಹಾಪ್ರಬಂಧಗಳು ಸಿಗುತ್ತವೆ. ಎಷ್ಟು ವರ್ಷಕ್ಕೆ ಮುಗಿಸಿದರು, ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಅಲ್ಲಿಂದ ಹುಡುಕಬಹುದು. ಆಂಟೆನಾಗಳನ್ನು ಅಳೆಯುವ ಕೋಣೆ ಮತ್ತು ಉಪಕರಣಗಳು ಲ್ಯಾಬಿನಲ್ಲೇ ಇವೆಯೇ, ಬೇರೆ ಕಡೆಗೆ ಹೋಗಿ ಸರದಿ ಕಾಯಬೇಕೇ ಎಂದು ತಪ್ಪದೆ ಕೇಳಲಿ. ಆಂಟೆನಾ ವಿಷಯದಲ್ಲಿ ಇದರಿಂದ ವರ್ಷಗಳ ವ್ಯತ್ಯಾಸವಾಗುತ್ತದೆ. ಮತ್ತು ಆ ಗುಂಪಿನ ಹಳೆಯ ವಿದ್ಯಾರ್ಥಿ ಒಬ್ಬರೊಡನೆಯಾದರೂ ಕ್ಯಾಂಪಸ್ಸಿನ ಹೊರಗೆ ಕುಳಿತು ಮಾತಾಡಲಿ.

ಬಸವನಗುಡಿಯ ನಿವೃತ್ತ ಶಿಕ್ಷಕ

ಮೂವರಿಗೂ ನನ್ನ ಹೃತ್ಪೂರ್ವಕ ಧನ್ಯವಾದಗಳು. ಮೇಡಂ ಹೇಳಿದಂತೆ ಹಾಳೆಯನ್ನು ಮತ್ತೆ ತೆರೆದೆ. ಮೊದಲ ಸ್ಥಾನದ ವಿಭಾಗದಲ್ಲಿ ಒಬ್ಬ ಗೌರವ ಪ್ರಾಧ್ಯಾಪಕರಿದ್ದರು; ಅವರ ಸೈಟೇಶನ್‌ಗಳಲ್ಲಿ ಬಹುಪಾಲು ಬೇರೆ ರಾಜ್ಯದ ಸಂಸ್ಥೆಯಲ್ಲಿದ್ದಾಗ ಬರೆದ ಪ್ರಬಂಧಗಳವು. ಅವರನ್ನು ತೆಗೆದು, ಸರಾಸರಿಯ ಜಾಗದಲ್ಲಿ ಮಧ್ಯಾಂಕ ಇಟ್ಟಾಗ ಆ ವಿಭಾಗ ಐದನೆಯದಾಯಿತು. ಹಳೆಯ ಸಂಸ್ಥೆಯಲ್ಲಿ ಪ್ರೊಫೈಲ್ ಇಲ್ಲದ ಏಳು ಮಂದಿಯನ್ನು ನಾನು ಸೊನ್ನೆಯೆಂದೇ ತುಂಬಿಸಿದ್ದೆ. ಇದು ನನ್ನಿಂದಾದ ದೊಡ್ಡ ತಪ್ಪು. ಮಕ್ಕಳಿಗೆ ಗೈರುಹಾಜರಿಯೂ ಸೊನ್ನೆ ಅಂಕವೂ ಒಂದೇ ಅಲ್ಲವೆಂದು ವರ್ಷವರ್ಷವೂ ಹೇಳಿಕೊಟ್ಟವನು ನಾನು.

ಒಂದು ಸಂದೇಹ ಉಳಿದಿದೆ. ಈ ಎಣಿಕೆಯಲ್ಲಿ ಇಷ್ಟೊಂದು ತೊಡಕುಗಳಿದ್ದರೆ ಇದು ಮೊದಲಿಗೆ ಹುಟ್ಟಿದ್ದಾದರೂ ಯಾವ ಉದ್ದೇಶಕ್ಕೆ?

ಎಂಜಿನಿಯರಿಂಗ್ ಕಾಲೇಜಿನ ಗ್ರಂಥಪಾಲಕಿ

ಗ್ರಂಥಾಲಯಗಳ ಅಗತ್ಯವೇ ಅದಕ್ಕೆ ಕಾರಣ ಮೇಷ್ಟ್ರೇ. 1927ರಲ್ಲಿ ಅಮೆರಿಕದ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರು ಸಣ್ಣ ಕಾಲೇಜಿನ ಗ್ರಂಥಾಲಯವು ತನ್ನ ಅಲ್ಪ ಹಣದಲ್ಲಿ ಯಾವ ರಸಾಯನ ಪತ್ರಿಕೆಗಳನ್ನು ತರಿಸಬೇಕೆಂದು ತಿಳಿಯಲು ಒಂದು ಪತ್ರಿಕೆಯ ಆಕರಗಳನ್ನು ಎಣಿಸಿದರು. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟು 1964ರಲ್ಲಿ ಪ್ರಕಟಿಸಿದ ಸೈನ್ಸ್ ಸೈಟೇಶನ್ ಇಂಡೆಕ್ಸಿನ ಉದ್ದೇಶವೂ ಹುಡುಕಾಟವೇ: ಒಂದು ಹಳೆಯ ಪ್ರಬಂಧವನ್ನು ಕೈಗೆತ್ತಿಕೊಂಡರೆ ಅದರಿಂದ ಮುಂದೆ ಯಾವ ಕೆಲಸಗಳು ಹುಟ್ಟಿದವೆಂದು ಓದುಗನಿಗೆ ದಾರಿ ಸಿಗಬೇಕು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1948ರಲ್ಲೇ ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಬಳಸಬೇಕೆಂದು ಹೇಳಿ ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವಾದ ಡಿಆರ್‌ಟಿಸಿಯನ್ನು ಸ್ಥಾಪಿಸಿದರು. ಅಲ್ಲೂ ಉದ್ದೇಶ ಓದುಗನ ಸೇವೆ. ಸಂಸ್ಥೆಗಳನ್ನು ಸಾಲಾಗಿ ನಿಲ್ಲಿಸುವ ಕೆಲಸಕ್ಕೆ ಈ ಸಲಕರಣೆಯನ್ನು ತಿರುಗಿಸಿದ್ದು ಬಹಳ ಈಚೆಗೆ. ಜಗತ್ತಿನ ವಿಶ್ವವಿದ್ಯಾಲಯಗಳ ಶಾಂಘೈ ಪಟ್ಟಿ ಬಂದದ್ದೇ 2003ರಲ್ಲಿ. ತಂಗಿ ಹೇಳಿದ ದಾರಿ, ಅಂದರೆ ಉಲ್ಲೇಖಿಸಿದವರ ಪಟ್ಟಿಯನ್ನು ಹಿಡಿದು ಹೋಗುವುದು, ಗಾರ್ಫೀಲ್ಡ್ ಬಯಸಿದ್ದ ಬಳಕೆಗೆ ಬಹಳ ಹತ್ತಿರದ್ದು.

ಬಸವನಗುಡಿಯ ನಿವೃತ್ತ ಶಿಕ್ಷಕ

ಮಗಳು ಎರಡು ಸಂಜೆ ಹಾಗೆಯೇ ಮಾಡಿದಳು. ಅವಳು ಆಯ್ದ ಐದು ಪ್ರಬಂಧಗಳಲ್ಲಿ ಮೂರನ್ನು ಉಲ್ಲೇಖಿಸಿದವರಲ್ಲಿ ಬೆಂಗಳೂರಿನ ಒಬ್ಬರೇ ಅಧ್ಯಾಪಕಿಯ ಹೆಸರು ಮತ್ತೆ ಮತ್ತೆ ಬಂದಿತು. ನಾನು ಹದಿನೇಳು ದಿನ ತುಂಬಿಸಿದ ಹಾಳೆಯಲ್ಲಿ ಅವರ ಹೆಸರೇ ಇರಲಿಲ್ಲ. ನನ್ನ ಆರು ಸಂಸ್ಥೆಗಳಲ್ಲೇ ಒಂದರವರಾದರೂ ಅವರಿರುವುದು ಏರೋಸ್ಪೇಸ್ ವಿಭಾಗದಲ್ಲಿ, ನಾನು ನೋಡಿದ್ದು ಎಲೆಕ್ಟ್ರಾನಿಕ್ಸ್ ವಿಭಾಗಗಳನ್ನು ಮಾತ್ರ. ಅವರ ಈಚಿನ ಪ್ರಬಂಧಗಳಲ್ಲಿ ಹೆಚ್ಚಿನವುಗಳಿಗೆ ವಿದ್ಯಾರ್ಥಿಗಳೇ ಮೊದಲ ಲೇಖಕರು. ಮಗಳು ಅವರಿಗೆ ತಾನು ಓದಿದ ಒಂದು ಪ್ರಬಂಧದ ನಾಲ್ಕನೆಯ ಚಿತ್ರದ ಬಗ್ಗೆ ಪ್ರಶ್ನೆ ಕೇಳಿ ಪತ್ರ ಬರೆದಿದ್ದಳು. ನಿನ್ನೆ ಉತ್ತರ ಬಂದಿದೆ, ಗುರುವಾರ ಹನ್ನೊಂದು ಗಂಟೆಗೆ ಬಂದು ಲ್ಯಾಬ್ ನೋಡಲು ಹೇಳಿದ್ದಾರೆ. ಅಳೆಯುವ ಕೋಣೆಯ ಬಗ್ಗೆ ಕೇಳಬೇಕೆಂದು ಅವಳು ಬರೆದಿಟ್ಟುಕೊಂಡಿದ್ದಾಳೆ.